ಪದ ಬೇಕು: ಕೋಶಗಳ ‘ಡಿಫರೆನ್ಸಿಯೇಷನ್’ ಮತ್ತು ‘ಅಪೋಪ್ಟೋಸಿಸ್’

ಎಲ್ಲರಿಗೂ ನಮಸ್ಕಾರ,

ಜೊಲ್ಲುಗ್ರಂಥಿಯ (ಮಂಗನಬಾವಿನಲ್ಲಿ ಕಿವಿಯ ಕೆಳಗೆ ಊದಿಕೊಳ್ಳುತ್ತದಲ್ಲ, ಅದೂ ಇವುಗಳಲ್ಲೊಂದು) ಕ್ಯಾನ್ಸರ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ವೆಸ್ನರಿನೋನ್ ಜಪಾನಿನಲ್ಲಿ ಹೃದಯ ವೈಫಲ್ಯಕ್ಕೆಂದು ತಯಾರಾದ ಮದ್ದು. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಹೃದ್ರೋಗಿಗಳಲ್ಲಿ ಸಾವು ಹೆಚ್ಚಿದ್ದು 1998ರಲ್ಲಿ ವರದಿಯಾಯಿತು, ಆ ಕಥೆ ಬೇರೆ. ಪ್ರಯೋಗಾಲಯದಲ್ಲಿ ಬೆಳೆಸಿದ ಜೊಲ್ಲುಗ್ರಂಥಿ ಕ್ಯಾನ್ಸರ್ ಕೋಶಗಳಿಗೆ ಇದನ್ನು ಹಾಕಿದಾಗ ಡಿಫರೆನ್ಸಿಯೇಷನ್ (ಕೋಶ ಬಲಿತು ತನ್ನದೇ ಕಸುಬು ಹಿಡಿಯುವುದು), ಅಪೋಪ್ಟೋಸಿಸ್ (ಕೋಶ ತಾನಾಗಿಯೇ ಕ್ರಮವಾಗಿ ಸಾಯುವುದು) ಎರಡೂ ಕಂಡಿವೆ. ನನ್ನ ತೊಡಕೂ ಈ ಎರಡರಲ್ಲೇ.

ಮೊದಲನೆಯದಕ್ಕೆ ‘ವಿಭೇದನ’ ಇದೆ, ನಿಜ. ಆದರೆ ಪಕ್ಕದಲ್ಲೇ ‘ವಿಭಜನೆ’ (ಒಂದು ಕೋಶ ಎರಡಾಗುವುದು) ಬಂದರೆ ಓದುಗ ಎರಡನ್ನೂ ಒಂದೇ ಅಂದುಕೊಳ್ಳುತ್ತಾನೆ. ಇಲ್ಲಿ ಅವು ಎದುರುಬದುರು. ಆರೋಗ್ಯವಂತ ಗ್ರಂಥಿಯಲ್ಲಿ ಜೊಲ್ಲು ತಯಾರಿಸುವ ಕೋಶ ಬೇರೆ, ಅದನ್ನು ಸಾಗಿಸುವ ನಾಳದ ಕೋಶ ಬೇರೆ, ಸುತ್ತಲೂ ಅಪ್ಪಿಕೊಂಡು ಹಿಂಡುವ ಕೋಶ ಬೇರೆ. ಕ್ಯಾನ್ಸರ್ ಕೋಶ ಇಂಥ ಕಸುಬನ್ನು ಸರಿಯಾಗಿ ಹಿಡಿಯದೆ ವಿಭಜನೆಯಾಗುತ್ತಲೇ ಇರುತ್ತದೆ. ಕಸುಬಿಗೆ ಹತ್ತಿಸಿದರೆ ವಿಭಜನೆ ತಗ್ಗುತ್ತದೆ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ 1980ರ ದಶಕದಲ್ಲಿ ಒಂದು ಬಗೆಯ ರಕ್ತಕ್ಯಾನ್ಸರನ್ನು ರೆಟಿನೋಯಿಕ್ ಆಮ್ಲದಿಂದ ಹತೋಟಿಗೆ ತಂದದ್ದು ಹೀಗೆಯೇ, ಎಳಸು ಕೋಶಗಳನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡಿ. ‘ಬಲಿಯುವಿಕೆ’ ಎನ್ನಬಹುದೇ? ಗಡ್ಡೆಯೇ ಬಲಿಯಿತು ಎಂಬ ಅರ್ಥ ಬಂದೀತೆಂದು ಹೆದರಿಕೆ.

ಅಪೋಪ್ಟೋಸಿಸ್ ಎಂಬ ಹೆಸರಿಟ್ಟವರು ಕೆರ್, ವಿಲೀ ಮತ್ತು ಕರಿ, 1972ರಲ್ಲಿ. ಗ್ರೀಕಿನಲ್ಲಿ ಎಲೆಯೋ ಎಸಳೋ ಉದುರುವುದು ಅಂತ. ಕೋಶ ಊದಿ ಸಿಡಿಯುವುದಿಲ್ಲ. ಕುಗ್ಗುತ್ತದೆ, ಡಿಎನ್‌ಎ ತುಂಡಾಗುತ್ತದೆ, ಪೊರೆ ಸುತ್ತಿದ ಪುಟ್ಟ ಚೂರುಗಳಾಗಿ ಒಡೆಯುತ್ತದೆ, ಅವನ್ನು ಅಕ್ಕಪಕ್ಕದ ಕೋಶಗಳು ನುಂಗಿಬಿಡುತ್ತವೆ. ಉರಿಯೂತ ಸಾಮಾನ್ಯವಾಗಿ ಇರುವುದಿಲ್ಲ. ಇದಕ್ಕೆ ‘ಆತ್ಮಹತ್ಯೆ’ ಅಂತ ಬರೆಯುವ ರೂಢಿ ನನಗೆ ಒಗ್ಗದು, ರೋಗಿಯ ಮನೆಯವರೂ ಓದುವ ಲೇಖನವಿದು. ‘ಉದುರುಸಾವು’ ಅಂತ ಇಟ್ಟುಕೊಂಡಿದ್ದೇನೆ. ಹಾಗಾದರೆ ಸಿಡಿದು ಸಾಯುವ ನೆಕ್ರೋಸಿಸ್‌ಗೆ ಏನನ್ನೋಣ? ‘ಕ್ಷಯ’ ಬೇಡ, ಟಿಬಿ ನೆನಪಾಗುತ್ತದೆ.

‘ಡ್ರಗ್-ಇಂಡ್ಯೂಸ್ಡ್’ ಎಂಬುದಕ್ಕೆ ‘ಔಷಧಪ್ರೇರಿತ’ವನ್ನಂತೂ ಕೈಬಿಟ್ಟೆ. ‘ರಾಜಕೀಯಪ್ರೇರಿತ’ ಕೇಳಿ ಕೇಳಿ ಆ ಪದದ ಮೇಲೇ ಗುಮಾನಿ; ‘ಮದ್ದಿನಿಂದಾದ’ ಸಾಕು.

ಬಳಗದಲ್ಲಿ ಜೀವಶಾಸ್ತ್ರದ ಮೇಷ್ಟ್ರುಗಳಿದ್ದೀರಿ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಭೇದನ, ವಿಭಜನೆ ಎರಡನ್ನೂ ಗೊಂದಲವಾಗದಂತೆ ಹೇಗೆ ಹೇಳಿಕೊಡುತ್ತೀರಿ?