ಅಲಬಾಮಾ ಹಿಲ್ಸ್‌ನಲ್ಲಿ ತೆಗೆದ ಶಿಖರಗಳೆಲ್ಲ ಮಸುಕು, ಲೆನ್ಸ್ ಕೆಟ್ಟಿದೆಯಾ?

ಕೋಲಾರದವಳು:
ಕಳೆದ ವಾರ ಕ್ಯಾಲಿಫೋರ್ನಿಯಾದ ಲೋನ್ ಪೈನ್‌ನಲ್ಲಿ ಮೂರು ದಿನದ ಲ್ಯಾಂಡ್‌ಸ್ಕೇಪ್ ವರ್ಕ್‌ಶಾಪ್‌ಗೆ ಹೋಗಿದ್ದೆ. ಊರಿನ ಪಶ್ಚಿಮಕ್ಕೇ ಅಲಬಾಮಾ ಹಿಲ್ಸ್. ಸಿಯೆರಾ ನೆವಾಡಾ ಪರ್ವತಸಾಲಿನ ಬುಡದಲ್ಲಿ, ಒಣ ಪೊದೆಗಳ ನಡುವೆ ಗುಂಡು ಗುಂಡು ಬಂಡೆಗಳು. ಹಂಪಿಯನ್ನು ಎತ್ತಿ ತಂದು ಹಿಮದ ಬೆಟ್ಟದ ಕೆಳಗೆ ಇಟ್ಟ ಹಾಗಿದೆ.

ಬೆಳಿಗ್ಗೆ ವಿಟ್ನಿ ಶಿಖರಕ್ಕೆ ಗುಲಾಬಿ ಬಿಸಿಲು ಬೀಳುವಾಗ ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂ ಲೆನ್ಸ್‌ನಲ್ಲಿ ತೆಗೆದ ಒಂದು ಫೋಟೋನೂ ಶಾರ್ಪ್ ಇಲ್ಲ. ಅದೇ ಕ್ಯಾಮೆರಾದಲ್ಲಿ ವೈಡ್ ಲೆನ್ಸ್ ಫೋಟೋಗಳು ಚೆನ್ನಾಗಿವೆ. ಟ್ರೈಪಾಡ್, 200 ಎಂಎಂ, ಎಫ್ 8, ಐಎಸ್‌ಓ 100, 1/30 ಸೆಕೆಂಡ್, ಟೈಮರ್ ಹಾಕಿದ್ದೆ. ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್. ಮೇಷ್ಟ್ರು ನೋಡಿ, "ಲೆನ್ಸ್ ಅಲೈನ್‌ಮೆಂಟ್ (ಒಳಗಿನ ಗಾಜುಗಳ ಜೋಡಣೆ) ಹೋಗಿರಬೇಕು, ಸರ್ವಿಸ್‌ಗೆ ಕೊಡಿ" ಅಂದರು. ದುಡ್ಡು ಸುರಿಯೋ ಮೊದಲು ಇಲ್ಲಿ ಕೇಳೋಣ ಅಂತ.

ಟ್ರೈಪಾಡ್ ತಿಮ್ಮ:
ಗಾಳಿ ಇತ್ತಾ? ಟ್ರೈಪಾಡ್‌ನ ನಡುಕಂಬ ಎತ್ತಿದ್ರಾ? ಅಲುಗಾಡಿದ್ದರೆ ಅಂಚುಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಹಾಗೆ ಕಾಣುತ್ತವೆ. ಹಿಗ್ಗಿಸಿ ನೋಡಿ ಹೇಳಿ.

ಕೋಲಾರದವಳು:
ಗಾಳಿ ಇರಲಿಲ್ಲ, ಕಂಬವೂ ಕೆಳಗೇ ಇತ್ತು. ಎಳೆದ ಹಾಗೂ ಇಲ್ಲ. ಒಂದು ಫ್ರೇಮಿನಲ್ಲಿ ಎಡಗಡೆ ಕೋಡು ಪರವಾಗಿಲ್ಲ, ಬಲಗಡೆಯದು ಕಲಸಿದೆ. ಮುಂದಿನದರಲ್ಲಿ ಉಲ್ಟಾ. ಹರಿಯೋ ನೀರಿನೊಳಗೆ ಕಲ್ಲು ನೋಡಿದ ಹಾಗೆ.

ಹಸಿರುಕಟ್ಟೆ:
ಮೇಡಂ, ಸರ್ವಿಸ್‌ಗೆ ಕೊಡಬೇಡಿ. ಅಲೈನ್‌ಮೆಂಟ್ ಹೋಗಿದ್ದರೆ ಪ್ರತಿ ಸಲವೂ ಅದೇ ಮೂಲೆ ಮಸುಕಾಗಬೇಕು. ಜಾಗ ಬದಲಾಗ್ತಿದೆ ಅಂದ್ರೆ ತಪ್ಪು ಗಾಜಿನದಲ್ಲ, ಗಾಳಿಯದು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಯುವಲ್ಲಿ ಬೆಳಕು ಬಾಗುತ್ತದೆ. ಮಧ್ಯಾಹ್ನ ಟಾರು ರಸ್ತೆ ಮೇಲೆ ಝಳ ಕುಣಿಯೋದು ನೋಡಿದ್ದೀರಲ್ಲ, ಅದೇ. ಕ್ಯಾಮೆರಾ ಬ್ಯಾಗ್ ರಾತ್ರಿ ಎಲ್ಲಿತ್ತು? ನೀವು ನಿಂತಿದ್ದೆಲ್ಲಿ?

ಕೋಲಾರದವಳು:
ಬ್ಯಾಗ್ ಹೀಟರ್ ಹಾಕಿದ ರೂಮಿನಲ್ಲಿತ್ತು. ಕಾರಿನಲ್ಲೂ ಹೀಟರ್. ಮೂವಿ ರೋಡ್ ಪಕ್ಕ ನಿಲ್ಲಿಸಿ, ಲೆನ್ಸ್ ನೋಟ ಕಾರಿನ ಬಾನೆಟ್ ಮೇಲಿಂದ ಹಾಯುವ ಹಾಗೆ ಟ್ರೈಪಾಡ್ ಇಟ್ಟಿದ್ದೆ. ಹೊರಗೆ ಮೈನಸ್ 3. ಬಾನೆಟ್ ಮೇಲೆ ಕೈ ಇಟ್ಟು ಕಾಯಿಸಿಕೊಳ್ತಿದ್ದೆ...

ಹಸಿರುಕಟ್ಟೆ:
ಸಿಕ್ಕಿಬಿದ್ದ ಕಳ್ಳ! ನಿಮ್ಮ ಕೈ ಕಾಯಿಸಿದ ಬಿಸಿಯೇ ಲೆನ್ಸ್ ಮುಂದೆ ಏಳ್ತಿತ್ತು. ಸಾಲದ್ದಕ್ಕೆ ಲೆನ್ಸೇ ಬೆಚ್ಚಗಿದೆ. ಅದರ ಮುಂದಿನ ಕೊಳವೆ, ಅಂದ್ರೆ ಹುಡ್ ಒಳಗೆ ಬಿಸಿ ಗಾಳಿ ಸುತ್ತುತ್ತಾ ಇರುತ್ತದೆ. ವೈಡ್ ಲೆನ್ಸ್‌ನಲ್ಲಿ ಶಿಖರ ಚಿಕ್ಕದು, ಹಾಗಾಗಿ ಗೊತ್ತಾಗಲ್ಲ.

ಕಾರಿನಿಂದ ದೂರ ನಡೆಯಿರಿ. ಕ್ಯಾಮೆರಾವನ್ನು ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ, ತಣ್ಣಗಾಗುವವರೆಗೆ ಹುಡ್ ತೆಗೆದಿರಿ. ಬ್ಯಾಟರಿ ಮಾತ್ರ ಜೇಬಲ್ಲಿರಲಿ. ಲೆನ್ಸ್ ತಣಿದ ಮೇಲೆ ಕ್ಯಾಮೆರಾದ ಪರದೆಯಲ್ಲಿ (ಲೈವ್ ವ್ಯೂ) ಹಿಗ್ಗಿಸಿ ಫೋಕಸ್ ಮತ್ತೆ ಮಾಡಿ, ಅದೂ ಸ್ವಲ್ಪ ಜಾರಿರುತ್ತದೆ. ಸೂರ್ಯ ಹುಟ್ಟೋದು ಪೂರ್ವದ ಇನ್ಯೋ ಬೆಟ್ಟಗಳ ಹಿಂದೆ. ಹಾಗಾಗಿ ಬಂಡೆಗಳು ನೆರಳಲ್ಲಿರುವಾಗಲೇ 4,421 ಮೀಟರ್ ಎತ್ತರದ ವಿಟ್ನಿಗೆ ಬಿಸಿಲು ಬಿದ್ದಿರುತ್ತದೆ. ಆ ಬಣ್ಣ ನಿಲ್ಲೋದು ಕೆಲವೇ ನಿಮಿಷ, ಆಗ ಲೆನ್ಸ್ ತಣಿಯಲಿ ಅಂತ ಕಾಯೋಕಾಗಲ್ಲ. ಒಂದೇ ಫ್ರೇಮ್ ನಂಬಬೇಡಿ, ಇಪ್ಪತ್ತು ತೆಗೆದು ಒಂದನ್ನು ಆರಿಸಿ. ವಾಪಸ್ ರೂಮಿಗೆ ಬಂದ ತಕ್ಷಣ ಬ್ಯಾಗ್ ಜಿಪ್ ತೆಗೀಬೇಡಿ, ಗಾಜಿನ ಮೇಲೆ ನೀರು ಕೂರುತ್ತದೆ.

ಟ್ರೈಪಾಡ್ ತಿಮ್ಮ:
ಸುಮ್ನೆ ಒಂದು ಮಾತು. 1944ರಲ್ಲಿ ಹೆಸರಾಂತ ಅಮೆರಿಕನ್ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅದೇ ಲೋನ್ ಪೈನ್‌ನಲ್ಲಿ ಕಾರಿನ ಮೇಲಿನ ಅಟ್ಟದಲ್ಲೇ ಕ್ಯಾಮೆರಾ ಇಟ್ಟು, ಚಳಿಗೆ ನಡುಗುತ್ತಾ ಬಿಸಿಲಿಗೆ ಕಾದಿದ್ದರು. ಅವರು ಬಾನೆಟ್ ಮೇಲೆ ಕೈ ಕಾಯಿಸಲಿಲ್ಲ ಅನ್ಸುತ್ತೆ!

ಕೋಲಾರದವಳು:
ಇವತ್ತು ಬೆಳಿಗ್ಗೆ ರೀನೋದ ಮನೆ ಬಾಲ್ಕನಿಯಿಂದಲೇ ನೋಡಿದೆ. ಹೀಟರ್ ಪಕ್ಕದಿಂದ ತಂದ ಲೆನ್ಸ್‌ನಲ್ಲಿ ದೂರದ ನೀರಿನ ಟ್ಯಾಂಕ್‌ನ ಏಣಿ ಗಂಜಿ ಗಂಜಿ. ಒಂದು ಗಂಟೆ ಹೊರಗಿಟ್ಟ ಮೇಲೆ ಮೆಟ್ಟಿಲು ಎಣಿಸಬಹುದು! ಎರಡೂ ಫೋಟೋ ಮೇಷ್ಟ್ರಿಗೆ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.