ಅಪ್‌ಡೇಟ್: ಮಾದರಿ ಹಡಗಿಗೆ ಲೇತ್ ಬೇಕೇ ಎಂದು ಕೇಳಿದ್ದೆ

1:64 ಅಳತೆಯ (ನಿಜವಾದ ಹಡಗಿನ 64ನೇ ಒಂದು ಪಾಲಿನಷ್ಟು ಉದ್ದದ) ಮರದ ಹಾಯಿಹಡಗು ಕಟ್ಟಲು ಮೊದಲು ಮಿನಿ ಲೇತ್ (ಮರವನ್ನು ತಿರುಗಿಸುತ್ತಾ ದುಂಡಗೆ ಕಡೆಯುವ ಯಂತ್ರ) ಕೊಳ್ಳಲೇ, ಪುಟ್ಟ ಟೇಬಲ್ ಗರಗಸ ಕೊಳ್ಳಲೇ ಎಂದು ಕೇಳಿದ್ದೆ. ಎರಡೂ ಸದ್ಯಕ್ಕೆ ಬೇಡ, ಕೈ ಉಪಕರಣಗಳಿಂದಲೇ ಶುರು ಮಾಡಿ ಎಂದವರಿಗೆ ಮನಃಪೂರ್ವಕ ಧನ್ಯವಾದಗಳು. ಒಡಲಿಗೆ ಹಲಗೆ ಹೊದಿಸಿ ಮುಗಿದಿದೆ. ಈಗ ಹಾಯಿಕಂಬಗಳ ಸರದಿ.

ಲೇತ್ ಇಲ್ಲದೆ ಕಂಬವನ್ನು ದುಂಡಗೆ ಮಾಡುವುದು ಹೇಗೆಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ನೀವು ಹೇಳಿದ 7:10:7 ಸೂತ್ರ, ಅಂದರೆ ಮುಖದ ಅಗಲವನ್ನು 7, 10, 7 ಪಾಲುಗಳಾಗಿ ವಿಂಗಡಿಸುವ ಲೆಕ್ಕ, ಅದನ್ನು ನೀಗಿಸಿತು. ಚೌಕ ಕಡ್ಡಿಯನ್ನು ತುದಿಯತ್ತ ಸಪೂರವಾಗುವಂತೆ ಹೆರೆದು, ಪ್ರತಿ ಮುಖದ ಮೇಲೂ ಆ ಪ್ರಮಾಣದಲ್ಲಿ ಎರಡು ಗೆರೆ ಎಳೆದೆ. ಪುಟ್ಟ ಉಜ್ಜುಗೊರಡಿನಿಂದ ಗೆರೆಯವರೆಗೆ ಮೂಲೆಗಳನ್ನು ತೆಗೆದರೆ ಎಂಟು ಮುಖ. ಆ ಅಂಚುಗಳನ್ನೂ ತೆಗೆದರೆ ಹದಿನಾರು. ಆಮೇಲೆ ಉಪ್ಪುಕಾಗದವನ್ನು ಕಡ್ಡಿಗೆ ಸುತ್ತಿ ಹಿಡಿದು, ಕಡ್ಡಿಯನ್ನು ತಿರುಗಿಸುತ್ತಾ ಉಜ್ಜಿದರೆ ಬೆಳಕಿಗೆ ಹಿಡಿದರೂ ಏಣು ಕಾಣುವುದಿಲ್ಲ! ಉಜ್ಜುಗೊರಡಿನ ಅಲಗು ಮಾತ್ರ ಹರಿತವಾಗಿರಲೇಬೇಕು. ಸಾಣೆಕಲ್ಲಿಗೆ ಹಾಕಿದ ದುಡ್ಡೇ ಈವರೆಗಿನ ಅತ್ಯುತ್ತಮ ಖರ್ಚು ಎಂಬುದು ನನ್ನ ಅಭಿಪ್ರಾಯ.

ಹಲಗೆಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಬಿಸಿ ಕೊಟ್ಟು ಬಾಗಿಸಿದೆ. ಹಡಗಿನ ಮೂತಿಯ ಬಳಿ ಅವುಗಳನ್ನು ಕಿರಿದಾಗಿಸಿದರೂ ಅರ್ಧ ಅಗಲಕ್ಕಿಂತ ಕಡಿಮೆಯಾಗಲು ಬಿಡಲಿಲ್ಲ. ನಿಜವಾದ ಹಡಗಿನಲ್ಲೂ ತೀರಾ ಚೂಪಾದ ತುದಿಯಲ್ಲಿ ಮೊಳೆ ನಿಲ್ಲುವುದಿಲ್ಲವಲ್ಲ.

ಕ್ಲ್ಯಾಂಪ್‌ಗಳು ಎಷ್ಟಿದ್ದರೂ ಸಾಲದು. ಸಿದ್ಧ ಭಾಗಗಳ ಕಿಟ್ ಬಿಟ್ಟು ನಾನೇ ಮರ ಸೀಳಿ ಪಟ್ಟಿ ಮಾಡಿಕೊಳ್ಳುವ ದಿನ ಬಂದರೆ ಗರಗಸ ಕೊಳ್ಳುತ್ತೇನೆ, ಅಲ್ಲಿಯವರೆಗೆ ಬೇಡ. ಹಗ್ಗಗಳ ಕೆಲಸಕ್ಕೆ ಕೈಹಾಕುವ ಮುನ್ನ ಚಿಮುಟಗಳ ಬಗ್ಗೆ ನಿಮ್ಮನ್ನೇ ಕೇಳುವವಳಿದ್ದೇನೆ.