ಫಾರ್ವರ್ಡ್ ಬಗ್ಗೆ ಜಗಳ: ತುಮಕೂರು ಹಳೇ ಬ್ಯಾಚ್ ಗುಂಪು

ರಘು: (ಫಾರ್ವರ್ಡ್) “ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಎಲ್ಲ ದೇಶದಲ್ಲೂ ನೂರಕ್ಕೊಬ್ಬರಿಗೆ. ಇದು ಸಿಟಿ ಕಾಯಿಲೆ. ವಂಶದಲ್ಲಿದ್ದರೆ ಬಂದೇ ಬರುತ್ತೆ, ಹೆಣ್ಣು ಕೊಡೋ ಮುಂಚೆ ವಿಚಾರಿಸಿ.”

ಶೈಲಾ: ರಘು, ಮೊದಲು ಇದನ್ನ ತೆಗಿಯಪ್ಪ. ಆ ಕೊನೇ ಸಾಲಿಂದ ಯಾರದೋ ಮದುವೆ ಮುರಿಯುತ್ತೆ.

ಮಂಜುನಾಥ್: ಕೊನೇದು ತಪ್ಪು, ಒಪ್ಪಿದೆ. ಮೊದಲನೇದು ಪೂರ್ತಿ ತಪ್ಪಲ್ಲಮ್ಮ. ಡಬ್ಲ್ಯುಎಚ್‌ಒ ಹತ್ತು ದೇಶದ ಅಧ್ಯಯನದಲ್ಲಿ ನಮ್ಮ ಚಂಡೀಗಢವೂ ಇತ್ತು. ಹೊಸ ಕೇಸುಗಳಲ್ಲಿ ಊರೂರಿಗೆ ಅಂಥಾ ವ್ಯತ್ಯಾಸ ಸಿಗಲಿಲ್ಲ.

ಶೈಲಾ: ಮಂಜಣ್ಣ, ಅದು ಕಾಯಿಲೆಗೆ ಕಟ್ಟುನಿಟ್ಟಿನ ವ್ಯಾಖ್ಯೆ ಹಿಡಿದಾಗ. ವ್ಯಾಖ್ಯೆ ಸಡಿಲ ಮಾಡಿದ್ರೆ ವ್ಯತ್ಯಾಸ ಕಂಡಿತ್ತು. ಹೊಸ ಕೇಸು ಲಕ್ಷಕ್ಕೆ ವರ್ಷಕ್ಕೆ ಸುಮಾರು 15, ಅದೂ ಊರಿಂದೂರಿಗೆ ಹಲವು ಪಟ್ಟು ಏರುಪೇರು. ಹೆಂಗಸರು 10 ಇದ್ರೆ ಗಂಡಸರು 14.

ರಘು: ಅಕ್ಕ, ಹಾಗಾದ್ರೆ 2 ಲಕ್ಷದ ತಾಲ್ಲೂಕಿಗೆ ವರ್ಷಕ್ಕೆ 30 ಅಷ್ಟೇನಾ? ಮಾನಸಿಕ ಆರೋಗ್ಯ ಕ್ಯಾಂಪಿಗೆ ಬರೋರೇ ಅದಕ್ಕಿಂತ ಜಾಸ್ತಿ.

ಶೈಲಾ: 30 ಹೊಸಬರು. 20ರ ಆಸುಪಾಸಲ್ಲಿ ಶುರುವಾಗಿ ವರ್ಷಗಟ್ಟಲೆ ಉಳಿಯೋ ಕಾಯಿಲೆ, ಹಳಬರು ಸೇರ್ತಾ ಹೋಗ್ತಾರೆ. 300ಕ್ಕೊಬ್ಬರು ಅಂತ ಹಿಡಿದ್ರೂ ಅದೇ ತಾಲ್ಲೂಕಲ್ಲಿ 650 ದಾಟುತ್ತೆ. ಇಡೀ ಜೀವಮಾನದಲ್ಲಿ ಯಾವಾಗಲಾದ್ರೂ ಬರೋ ಲೆಕ್ಕ ಬೇರೆ, ಸಾವಿರಕ್ಕೆ ಸುಮಾರು 7. ನಿನ್ನ ಫಾರ್ವರ್ಡ್ ಯಾವ ಲೆಕ್ಕ ಅಂತಲೇ ಹೇಳಿಲ್ಲ.

ಮಂಜುನಾಥ್: ಸಿಟಿ ವಿಷಯ ನಾನು ಬಿಡಲ್ಲ. ಡೆನ್ಮಾರ್ಕಲ್ಲಿ ರಾಜಧಾನಿಯಲ್ಲಿ ಹುಟ್ಟಿದವರಿಗೆ ಹಳ್ಳಿಯವರ ಎರಡು ಪಟ್ಟಿಗೂ ಜಾಸ್ತಿ.

ಶೈಲಾ: ಡೆನ್ಮಾರ್ಕಿಗೆ ಸರಿ, ಅಲ್ಲಿ ಪ್ರತಿಯೊಬ್ಬರದೂ ರಿಜಿಸ್ಟರ್ ಇದೆ. ಬಡ ದೇಶಗಳಲ್ಲಿ ಆ ನಂಟು ಸಿಕ್ಕಿಲ್ಲ. ಆಸ್ಪತ್ರೆ ಪುಸ್ತಕ ನೋಡಿ ನಮ್ಮ ಪಾವಗಡದಂಥ ಹಳ್ಳಿಗಾಡಲ್ಲಿ ಕಮ್ಮಿ ಅನ್ನೋಕಾಗಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮೊದಲ ಪ್ರಯೋಗ ನಡೆದಿದ್ದೇ ನಮ್ಮ ರಾಜ್ಯದ ಕೋಲಾರದಲ್ಲಿ. ಆ ಸಮೀಕ್ಷೆ ಪ್ರಕಾರ ಇಂಥ ತೀವ್ರ ಕಾಯಿಲೆಯವರಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಚಿಕಿತ್ಸೆಯೇ ಇಲ್ಲ, ಪುಸ್ತಕಕ್ಕೆ ಎಲ್ಲಿಂದ ಬರ್ತಾರೆ? ಮನೆಮನೆಗೆ ಹೋದ್ರೂ “ಯಾರಿಗಾದ್ರೂ ತಲೆ ಕೆಟ್ಟಿದೆಯಾ” ಅಂದ್ರೆ ಬಾಗಿಲು ಹಾಕ್ತಾರೆ. “ಒಬ್ಬರೇ ಕೂತು ಮಾತಾಡ್ತಾರಾ? ಊಟಕ್ಕೆ ಏನೋ ಬೆರೆಸಿದ್ದೀರ ಅಂತಾರಾ? ಸ್ನಾನ ಬಿಟ್ಟಿದ್ದಾರಾ?” ಹೀಗೆ ಕೇಳಬೇಕು. ಬಸ್ ಸ್ಟ್ಯಾಂಡಲ್ಲಿ ಮಲಗೋರಂತೂ ಮನೆ ಪಟ್ಟಿಯಲ್ಲೇ ಇರಲ್ಲ.

ಮಂಜುನಾಥ್: ಸರಿ, ನಮ್ಮ ಹಳ್ಳಿಗಳ ಮಟ್ಟಿಗೆ ಆ ಮಾತು ವಾಪಸ್ ತಗೋತೀನಿ.

ರಘು: ವಂಶದ್ದು?

ಶೈಲಾ: ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ರೆ ಮಗುಗೆ ನೂರಕ್ಕೆ 10ರ ಹತ್ತಿರ. ಅಂದ್ರೆ 90 ಮಕ್ಕಳಿಗೆ ಬರಲ್ಲ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದ್ರೆ ಕಡೇಪಕ್ಷ ಅರ್ಧದಷ್ಟು ಸಲ ಇನ್ನೊಬ್ಬರಿಗೆ ಬರಲ್ಲ.

ಮಂಜುನಾಥ್: ರಘು, ಅದನ್ನ ಅಳಿಸಿ ಶೈಲಾ ಹೇಳಿದ್ದನ್ನೇ ಹಾಕು, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಗಾಂಜಾ ವಿಷಯವೂ ಸೇರಿಸು. ಹದಿಹರೆಯದಲ್ಲಿ ಶುರು ಮಾಡಿ ದಿನಾ ಸೇದೋರಿಗೆ ಈ ಕಾಯಿಲೆ ಅಪಾಯ ಜಾಸ್ತಿ, ಮತ್ತೆ ಅದು ತಡೆಯೋಕೆ ಆಗೋ ಅಂಥದ್ದು.